ಎಸ್‌ಎಸ್‌ಸಿ ಇಂಗ್ಲಿಷಲ್ಲಿ ತಪ್ಪು ಹುಡುಕೋ ಪ್ರಶ್ನೆ: ನಾಲ್ಕೂ ಭಾಗ ಸರಿ ಅನ್ಸಿದ್ರೆ ಏನ್ ಮಾಡೋದು?

ದುರ್ಗದ ಹುಡುಗಿ:

ಎಲ್ರಿಗೂ ನಮಸ್ಕಾರ. ನಾನು ಹತ್ತನೇ ಕ್ಲಾಸ್‌ವರೆಗೂ ಕನ್ನಡ ಮೀಡಿಯಂ, ಬಿಎ ಕೂಡ ಕನ್ನಡದಲ್ಲೇ ಮಾಡಿದ್ದು, ಈಗ ಎಸ್‌ಎಸ್‌ಸಿ ಸಿಜಿಎಲ್‌ಗೆ, ಅಂದ್ರೆ ಡಿಗ್ರಿ ಆದೋರಿಗೆ ಕೇಂದ್ರ ಸರ್ಕಾರದ ಕೆಲಸಕ್ಕೆ ನಡೆಯೋ ಪರೀಕ್ಷೆಗೆ ಓದ್ತಾ ಇದೀನಿ. ಮ್ಯಾಥ್ಸ್, ರೀಸನಿಂಗ್ ಪರವಾಗಿಲ್ಲ, ಜಿಕೆ ಓದಿದಷ್ಟು ಬರುತ್ತೆ, ತೊಂದ್ರೆ ಇರೋದು ಇಂಗ್ಲಿಷಲ್ಲಿ. ಟೈರ್ 1, ಅಂದ್ರೆ ಮೊದಲ ಹಂತದಲ್ಲೇ 25 ಪ್ರಶ್ನೆ 50 ಮಾರ್ಕ್ಸ್, ಬಿಡೋಕೂ ಆಗಲ್ಲ. ಅದ್ರಲ್ಲೂ ಪ್ಯಾಸೇಜ್ ಹೆಂಗೋ ಓದಿ ಅರ್ಥ ಮಾಡ್ಕೊತೀನಿ, ಪದಗಳ ಅರ್ಥ ಬಾಯಿಪಾಠ ಆಗುತ್ತೆ, ಆದ್ರೆ ಈ ಸ್ಪಾಟ್ ದಿ ಎರರ್ ಮತ್ತೆ ಸೆಂಟೆನ್ಸ್ ಇಂಪ್ರೂವ್‌ಮೆಂಟ್ (ವಾಕ್ಯದ ಒಂದು ಭಾಗದ ಬದಲು ಸರಿಯಾದ್ದನ್ನ ಆರಿಸೋದು) ಇದಾವಲ್ಲ, ಮೊದಲನೇದ್ರಲ್ಲಿ ಒಂದು ವಾಕ್ಯನ ತುಂಡು ತುಂಡು ಮಾಡಿ ಯಾವ ತುಂಡಲ್ಲಿ ತಪ್ಪಿದೆ ಹೇಳಿ ಅಂತಾರೆ, ನಾನು ಓದಿದ್ರೆ ಎಲ್ಲಾ ತುಂಡೂ ಸರಿಯಾಗೇ ಕಾಣುತ್ತೆ, ಇನ್ನೊಂದ್ ಸಲ ಓದಿದ್ರೆ ಎಲ್ಲಾದ್ರಲ್ಲೂ ಏನೋ ತಪ್ಪಿದೆ ಅನ್ಸುತ್ತೆ.

ರೂಲ್ಸ್ ಪುಸ್ತಕ ಇದೆ, ನೂರಾರು ರೂಲು, ಓದಿದಾಗ ಅರ್ಥ ಆಗುತ್ತೆ, ಪ್ರಶ್ನೆ ಮುಂದೆ ಕೂತಾಗ ಯಾವ ರೂಲು ಇಲ್ಲಿಗೆ ಅಂತ ಹೊಳೆಯಲ್ಲ. ನನ್ನ ಪ್ರಾಕ್ಟೀಸ್ ನೋಟ್‌ಬುಕ್ಕಿಂದ ಐದು ವಾಕ್ಯ ಹಾಕ್ತೀನಿ, ಉತ್ತರ ನನ್ ಹತ್ರ ಇದೆ, ನನಗೆ ಬೇಕಿರೋದು ಉತ್ತರ ಅಲ್ಲ, ನೀವು ಅದನ್ನ ಹೆಂಗೆ ಹಿಡೀತೀರ, ಮೊದಲು ಎಲ್ಲಿ ನೋಡ್ತೀರ, ಅದು.

"ದಿ ಲಿಸ್ಟ್ ಆಫ್ ಸೆಲೆಕ್ಟೆಡ್ ಕ್ಯಾಂಡಿಡೇಟ್ಸ್ ವರ್ ಪಬ್ಲಿಷ್ಡ್ ಯೆಸ್ಟರ್‌ಡೇ."
"ಹಿ ಈಸ್ ಒನ್ ಆಫ್ ದಿ ಕ್ಲರ್ಕ್ಸ್ ಹೂ ಹ್ಯಾಸ್ ಪಾಸ್ಡ್ ದಿ ಡಿಪಾರ್ಟ್‌ಮೆಂಟಲ್ ಟೆಸ್ಟ್."
"ದಿ ಮೆಂಬರ್ಸ್ ಡಿಸ್ಕಸ್ಡ್ ಅಬೌಟ್ ದಿ ಬಜೆಟ್ ಫಾರ್ ಟೂ ಅವರ್ಸ್."
"ಹಾರ್ಡ್ಲಿ ಹ್ಯಾಡ್ ದಿ ಟ್ರೇನ್ ಸ್ಟಾಪ್ಡ್ ದ್ಯಾನ್ ದಿ ಪ್ಯಾಸೆಂಜರ್ಸ್ ರಷ್ಡ್ ಇನ್."
"ದಿ ಚೀಫ್ ಮಿನಿಸ್ಟರ್, ಅಲಾಂಗ್ ವಿತ್ ಹಿಸ್ ಸೆಕ್ರೆಟರೀಸ್, ಹ್ಯಾಸ್ ಲೆಫ್ಟ್ ಫಾರ್ ಬೆಳಗಾವಿ."

ಕೊನೇದಕ್ಕೆ ಉತ್ತರ ನೋ ಎರರ್ ಅಂತಿದೆ, ಸೆಕ್ರೆಟರಿಗಳು ಜೊತೆಗಿದ್ದಾರೆ ಅಂದ್ಮೇಲೆ ಹ್ಯಾವ್ ಬರಬೇಕಲ್ವಾ? ದಯವಿಟ್ಟು ಯಾರಾದ್ರೂ ಬಿಡಿಸಿ ಹೇಳಿ.

ಧಾರವಾಡ ಮಾಸ್ತರ:

ತಂಗಿ, ಛಲೋ ಪ್ರಶ್ನೆ ಕೇಳಿದಿ. ನಾ ಧಾರವಾಡದಾಗ ಇಂಥಾ ಪರೀಕ್ಷೆಗೋಳಿಗೆ ಇಂಗ್ಲಿಷ್ ಕಲಸ್ತೀನಿ, ನನ್ನ ಕಡೆ ಬರೋರು ಹೆಚ್ಚಿನವರು ಕನ್ನಡ ಮೀಡಿಯಂ ಹುಡುಗ್ರು, ಎಲ್ಲಾರೂ ಹೇಳೂದು ಇದನ್ನ, "ಸರ ಎಲ್ಲಾ ಸರಿ ಅನಸ್ತೈತ್ರಿ" ಅಂತ. ಆ ಅನಸೂದನ್ನ ಮೊದಲ ಬಿಡಬೇಕು ನೋಡು. ಕನ್ನಡದಾಗ "ಹುಡುಗರು ಬಂದನು" ಅಂದ್ರ ಸಣ್ಣ ಹುಡುಗನೂ ತಡದು ತಿದ್ದತಾನ, ಅವನಿಗೆ ವಚನ, ಪುರುಷ ಏನೂ ಗೊತ್ತಿರೂದಿಲ್ಲ, ಕಿವಿ ಹೇಳತೈತಿ. ಇಂಗ್ಲಿಷಿನ್ಯಾಗ ಆ ಕಿವಿ ನಮಗ ಇನ್ನೂ ಬೆಳದಿಲ್ಲ, ಬೆಳಿಯೂತನಕ ಪರೀಕ್ಷೆ ನಿಲ್ಲೂದಿಲ್ಲ. ಅದಕ್ಕ ವಾಕ್ಯ ಓದೂ ಕ್ರಮಾನ ಬದಲ ಮಾಡ್ಕೋಬೇಕು.

ನಾ ಮೊದಲ ಕ್ರಿಯಾಪದ ಹುಡುಕ್ತೀನಿ. ಎಡದಿಂದ ಬಲಕ್ಕ ಓದಿ ಅರ್ಥ ಮಾಡ್ಕೊಳ್ಳೂದಕ್ಕಿಂತ ಮೊದಲ ಇದು. ಸಿಕ್ಕ ಕ್ರಿಯಾಪದಕ್ಕ "ಯಾರು" ಇಲ್ಲಾ "ಯಾವುದು" ಅಂತ ಕೇಳೂದು. ಸಾಲ್ಯಾಗ ಕನ್ನಡ ಮಾಸ್ತರು ಕರ್ತೃ ಪದ ಹುಡುಕೂದು ಹಿಂಗ ಕಲಿಸಿರ್ತಾರ, ಅದನ್ನ ಇಲ್ಲಿ ತಂದ್ರ ಆತು, ಹೊಸಾದು ಏನೂ ಕಲಿಯೂದಿಲ್ಲ. ನಿನ್ನ ಮೊದಲನೇ ವಾಕ್ಯದಾಗ "ವರ್ ಪಬ್ಲಿಷ್ಡ್" ಐತಿ, ಪ್ರಕಟ ಆಗಿದ್ದು ಯಾವುದು? ಲಿಸ್ಟ್. ಕ್ಯಾಂಡಿಡೇಟ್ಸ್ ಪ್ರಕಟ ಆಗೂದಿಲ್ಲ. ಲಿಸ್ಟ್ ಒಂದ, ಹಂಗಾಗಿ "ವಾಸ್ ಪಬ್ಲಿಷ್ಡ್". ಪ್ರಶ್ನೆ ಮಾಡೋರು ಏನ್ ಮಾಡ್ಯಾರ ಅಂದ್ರ ಕ್ರಿಯಾಪದದ ಬಾಜೂಕ ಬೇಕಂತನ ಒಂದು ಬಹುವಚನ ತಂದು ಕೂಡಿಸ್ಯಾರ, ಕಣ್ಣು ಅದನ್ನ ಹಿಡಕೊಂಡು "ಕ್ಯಾಂಡಿಡೇಟ್ಸ್ ವರ್" ಅಂತ ಓದಿ ಮುಂದ ಹೋಗ್ತೈತಿ. ಈ ಪರೀಕ್ಷೆಗೋಳ ಅರ್ಧ ಕೈಚಳಕ ಇಷ್ಟ, ಕರ್ತೃನ್ನ ಕ್ರಿಯಾಪದದಿಂದ ದೂರ ಒಯ್ಯೂದು. ಅದಕ್ಕ "ಆಫ್" ಕಂಡಲ್ಲೆ ಅಲ್ಲಿಂದ ಮುಂದಿನ ನಾಮಪದದ ತನಕ ಪೆನ್ಸಿಲ್ಲಿನಿಂದ ಕಂಸದಾಗ ಹಾಕು, ಕಂಪ್ಯೂಟರ್ ಮುಂದ ಇದ್ದಾಗ ಮನಸಿನ್ಯಾಗ ಹಾಕು.

ಇದಕ್ಕ ಒಂದು ಹೊರತು ಐತಿ, ಅದನ್ನ ಬಿಟ್ಟು ಹೇಳಿದ್ರ ತಪ್ಪು ಕಲಿಸಿದಂಗ ಆಗ್ತೈತಿ. ಮೋಸ್ಟ್, ಸಮ್, ಹಾಫ್, ಟೂ ಥರ್ಡ್ಸ್ ಇಂಥ ಪಾಲು ಹೇಳೂ ಮಾತಿನ ಮುಂದ "ಆಫ್" ಬಂದ್ರ ಅದರ ಮುಂದಿನ ನಾಮಪದನ ನೋಡಬೇಕು. "ಟೂ ಥರ್ಡ್ಸ್ ಆಫ್ ದಿ ವಾಟರ್ ಈಸ್", "ಟೂ ಥರ್ಡ್ಸ್ ಆಫ್ ದಿ ಸ್ಟೂಡೆಂಟ್ಸ್ ಆರ್". ಹಂಗ "ಎ ನಂಬರ್ ಆಫ್ ಪೀಪಲ್ ಆರ್" ಖರೆ, "ದಿ ನಂಬರ್ ಆಫ್ ಪೀಪಲ್ ಈಸ್" ಖರೆ. ಮೊದಲನೇದರಾಗ ಭಾಳ ಮಂದಿ ಅಂತ ಮಂದಿ ಬಗ್ಗೆ ಹೇಳತೀವಿ, ಎರಡನೇದರಾಗ ಸಂಖ್ಯೆ ಬಗ್ಗೆ ಹೇಳತೀವಿ. ಎಸ್‌ಎಸ್‌ಸಿಯವರಿಗೆ ಈ ಜೋಡಿ ಭಾಳ ಪ್ರೀತಿ.

ಈಗ ನಿನ್ನ ಬೆಳಗಾವಿ ವಾಕ್ಯ. ಹೊಂಟಿದ್ದು ಯಾರು? ಚೀಫ್ ಮಿನಿಸ್ಟರ್. ಸೆಕ್ರೆಟರಿಗೋಳು ಜೋಡಿ ಹೋಗ್ಯಾರ, ಖರೆ, ಆದ್ರ ವ್ಯಾಕರಣದ ಲೆಕ್ಕದಾಗ ಅವರು ಬರೂದಿಲ್ಲ, ಎರಡು ಅಲ್ಪವಿರಾಮದ ನಡುವ ಅವರನ್ನ ಬಿಟ್ಟು ವಾಕ್ಯ ಓದಿದ್ರೂ ಪೂರ್ತಿ ನಿಲ್ಲತೈತಿ. ಕನ್ನಡದಾಗೂ ವಿಚಾರ ಮಾಡು, "ಮುಖ್ಯಮಂತ್ರಿ ಕಾರ್ಯದರ್ಶಿಗಳ ಜೊತೆ ಹೊರಟನು" ಅಂತ ಮಕ್ಕಳ ಕಥಿಯೊಳಗ ಬರದ್ರ "ಹೊರಟನು" ಏಕವಚನನ ಇರ್ತೈತಿ, "ಕಾರ್ಯದರ್ಶಿಗಳ ಜೊತೆ" ಅನ್ನೂದು ಅದನ್ನ ಬಹುವಚನ ಮಾಡೂದಿಲ್ಲ. ಅಲಾಂಗ್ ವಿತ್, ಟುಗೆದರ್ ವಿತ್, ಆ್ಯಸ್ ವೆಲ್ ಆ್ಯಸ್, ಇನ್ ಅಡಿಷನ್ ಟು, ಇವೆಲ್ಲಾ "ಜೊತೆ" ಅನ್ನೂ ಜಾತಿಯವು. ಕೂಡಿಸೂ ತಾಕತ್ತು ಇರೂದು "ಅಂಡ್"ಗೆ ಮಾತ್ರ.

ಕ್ಲರ್ಕ್ ವಾಕ್ಯ ಇವುಗಳೊಳಗ ಬಿಗಿಯಾದ್ದು. "ಹಿ ಈಸ್" ತನಕ ತಪ್ಪಿಲ್ಲ. "ಹೂ" ಬಂದ ಕೂಡ್ಲೇ ಹೊಸಾ ಕ್ರಿಯಾಪದ ಬರ್ತೈತಿ, ಅದಕ್ಕ ಬ್ಯಾರೆ ಕರ್ತೃ ಬೇಕು, ಆ "ಹೂ" ಯಾರನ್ನ ತೋರಸ್ತೈತಿ ನೋಡಬೇಕು. ಪಾಸಾದ ಕ್ಲರ್ಕ್‌ಗೋಳು ಒಂದು ಗುಂಪು ಅದಾರ, ಆ ಗುಂಪಿನೊಳಗ ಇಂವಾ ಒಬ್ಬಂವ. "ಹೂ" ತೋರಸೂದು ಕ್ಲರ್ಕ್ಸ್‌ನ್ನ, ಹಂಗಾಗಿ "ಹೂ ಹ್ಯಾವ್ ಪಾಸ್ಡ್". ಅದ ವಾಕ್ಯದಾಗ "ದಿ ಓನ್ಲಿ ಒನ್ ಆಫ್ ದಿ ಕ್ಲರ್ಕ್ಸ್" ಅಂತ ಬಂದ್ರ ಪಾಸಾದಂವ ಒಬ್ಬನ, ಅವಾಗ "ಹೂ ಹ್ಯಾಸ್". ಎರಡನ್ನೂ ಬಾಜೂ ಬಾಜೂಕ ಬರದು ಇಟ್ಕೊ.

ಹಾರ್ಡ್ಲಿ ವಾಕ್ಯಕ್ಕ ಕರ್ತೃ ಹುಡುಕೂದು ಬ್ಯಾಡ, ಅದು ಜೋಡಿ ಪದ. ಹಾರ್ಡ್ಲಿ, ಸ್ಕೇರ್ಸ್ಲಿ ಬಂದ್ರ "ವೆನ್", ನೋ ಸೂನರ್ ಬಂದ್ರ "ದ್ಯಾನ್". ಯಾಕ ಅಂದ್ರ ಸೂನರ್ ಅನ್ನೂದು ಹೋಲಿಕೆ ಪದ, ಬಿಗ್ಗರ್ ದ್ಯಾನ್, ಬೆಟರ್ ದ್ಯಾನ್ ಇದ್ದಂಗ ಸೂನರ್ ದ್ಯಾನ್. ಹಾರ್ಡ್ಲಿ ಒಳಗ ಹೋಲಿಕೆ ಇಲ್ಲ, ಅದಕ್ಕ ದ್ಯಾನ್ ಬರೂದಿಲ್ಲ. ಕಾರಣ ಗೊತ್ತಿದ್ರ ರೂಲು ಮರಿಯೂದಿಲ್ಲ.

ಬ್ಯಾಂಕ್ ಕೌಂಟರ್ ನಂ 3:

ಮಾಸ್ತರು ಡಿಸ್ಕಸ್ಡ್ ಅಬೌಟ್ ಬಿಟ್ಬಿಟ್ರು, ಅದು ನನ್ ಪಾಲಿಗೆ ಬಂತು 🙂 ನಾನೂ ಮಂಡ್ಯ ಕಡೆ ಸರ್ಕಾರಿ ಶಾಲೆ, ಕನ್ನಡ ಮೀಡಿಯಂ, ಈಗ ಬ್ಯಾಂಕಲ್ಲಿ ಆಫೀಸರ್. ನನಗೆ ಉಪಯೋಗಕ್ಕೆ ಬಂದಿದ್ದು ಬೇರೆ ದಾರಿ, ಕನ್ನಡದಲ್ಲಿ ಯೋಚನೆ ಮಾಡಿ ಇಂಗ್ಲಿಷಿಗೆ ತಿರುಗಿಸುವಾಗ ಎಲ್ಲೆಲ್ಲಿ ಜಾರ್ತೀವಿ ಅನ್ನೋದನ್ನ ಒಂದು ಪಟ್ಟಿ ಮಾಡ್ಕೊಂಡಿದ್ದು. ಪ್ರಶ್ನೆಪತ್ರಿಕೆ ಮಾಡೋರು ಇಡೀ ದೇಶದ ಮಕ್ಕಳಿಗೆ ಮಾಡ್ತಾರೆ, ಹಿಂದಿ ತಮಿಳು ತೆಲುಗು ಎಲ್ಲಾ ಕಡೆಯವರೂ ಸುಮಾರು ಇವೇ ಜಾಗದಲ್ಲಿ ಜಾರೋದ್ರಿಂದ ಅವರು ಹಳ್ಳ ತೋಡೋದೂ ಅಲ್ಲೇ.

ನಾವು "ಬಜೆಟ್ ಬಗ್ಗೆ ಚರ್ಚೆ ಮಾಡಿದ್ರು" ಅಂತೀವಿ, ಬಗ್ಗೆ ಅಂದ್ರೆ ಅಬೌಟ್, ಹಾಕ್ಬಿಡ್ತೀವಿ. ಡಿಸ್ಕಸ್ ಅನ್ನೋದಕ್ಕೆ ಅಬೌಟ್ ಬೇಡ, ನೇರವಾಗಿ ವಿಷಯ ಬರುತ್ತೆ. ಆದ್ರೆ ನಾಮಪದ ಆದಾಗ, "ಎ ಡಿಸ್ಕಷನ್ ಅಬೌಟ್ ದಿ ಬಜೆಟ್" ಸರಿ, ಇದನ್ನ ನೋಡಿ ಅಬೌಟ್ ಹೊಡೆದು ಹಾಕ್ಬೇಡ. ಇದೇ ತರ "ಊರಿಗೆ ತಲುಪಿದೆ" ಅಂತ ರೀಚ್ಡ್ ಟು, "ಅವನ ಜೊತೆ ಮದುವೆ ಆಯ್ತು" ಅಂತ ಮ್ಯಾರೀಡ್ ವಿತ್, "ರೂಮ್ ಒಳಗೆ" ಅಂತ ಎಂಟರ್ಡ್ ಇಂಟು ದಿ ರೂಮ್, ಎಲ್ಲಾ ತಪ್ಪೇ. ರೀಚ್ಡ್ ಮುಂದೆ ಏನೂ ಬೇಡ, ಮ್ಯಾರೀಡ್ ಆದ್ರೆ ಟು ಅಥವಾ ಏನೂ ಇಲ್ಲ. ಎಂಟರ್ ಇಂಟು ಅನ್ನೋದು ಒಪ್ಪಂದ, ಮಾತುಕತೆ ಇಂಥದ್ದಕ್ಕೆ ಇಳಿಯೋ ಅರ್ಥದಲ್ಲಿ ಸರಿ, ಎಂಟರ್ಡ್ ಇಂಟು ಆ್ಯನ್ ಅಗ್ರಿಮೆಂಟ್.

ಎಲ್ಲಕ್ಕಿಂತ ಜಾಸ್ತಿ ಕೊಲ್ಲೋದು ನಮ್ಮ "ಇಂದ". ನಾವು "ಸೋಮವಾರದಿಂದ ಜ್ವರ" ಅಂತೀವಿ, "ಎರಡು ದಿನದಿಂದ ಜ್ವರ" ಅಂತನೂ ಅಂತೀವಿ, ಎರಡಕ್ಕೂ ಇಂದ. ಇಂಗ್ಲಿಷಲ್ಲಿ ಶುರುವಾದ ಹೊತ್ತಿಗೆ ಸಿನ್ಸ್, ಎಷ್ಟು ಹೊತ್ತು ಅನ್ನೋದಕ್ಕೆ ಫಾರ್. ಅಷ್ಟೇ ಅಲ್ಲ, "ಎರಡು ವರ್ಷದಿಂದ ಇಲ್ಲಿ ಕೆಲಸ ಮಾಡ್ತಾ ಇದೀನಿ" ಅಂತ ನಾವು ವರ್ತಮಾನದಲ್ಲಿ ಹೇಳೋದ್ರಿಂದ "ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೂ ಇಯರ್ಸ್" ಅಂತ ಬರುತ್ತೆ, ಒಂದೇ ವಾಕ್ಯದಲ್ಲಿ ಎರಡು ತಪ್ಪು, "ಹ್ಯಾವ್ ಬೀನ್ ವರ್ಕಿಂಗ್ ಫಾರ್ ಟೂ ಇಯರ್ಸ್" ಆಗ್ಬೇಕು. ಸಿನ್ಸ್ ಕಂಡ್ರೆ ನಾನು ಮೊದಲು ಅದರ ಮುಂದೆ ಏನಿದೆ ನೋಡಿ, ಆಮೇಲೆ ಹಿಂದೆ ಹೋಗಿ ಕ್ರಿಯಾಪದ ನೋಡ್ತೀನಿ. ಸಿನ್ಸ್‌ಗೆ "ಯಾಕಂದ್ರೆ" ಅನ್ನೋ ಅರ್ಥನೂ ಇದೆ, ಆಗ ಈ ಲೆಕ್ಕ ಇಲ್ಲ.

ಆಮೇಲೆ "ಗಿಂತ". ನನಗಿಂತ ಸೀನಿಯರ್, ಕಾಫಿಗಿಂತ ಟೀ ಇಷ್ಟ. ಗಿಂತ ಅಂದ ತಕ್ಷಣ ಕೈ ದ್ಯಾನ್ ಬರೆಯುತ್ತೆ. ಸೀನಿಯರ್, ಜೂನಿಯರ್, ಸುಪೀರಿಯರ್, ಇನ್‌ಫೀರಿಯರ್, ಪ್ರಯರ್, ಪ್ರಿಫರ್, ಇವಕ್ಕೆಲ್ಲ ಟು. ಸೀನಿಯರ್ ಟು ಮಿ, ಪ್ರಿಫರ್ ಟೀ ಟು ಕಾಫಿ.

ಸಂಖ್ಯೆ ವಿಷಯದಲ್ಲಿ ನಾವು "ಹತ್ತು ಪುಸ್ತಕ", "ನಾಲ್ಕು ಮನೆ" ಅಂತ ಏಕವಚನದಲ್ಲೇ ಬಿಡ್ತೀವಿ, ಕನ್ನಡದಲ್ಲಿ ಅದು ಸರಿನೇ, ಇಂಗ್ಲಿಷಲ್ಲಿ ಅದೇ ಅಭ್ಯಾಸ "ಒನ್ ಆಫ್ ಮೈ ಫ್ರೆಂಡ್" ಅನ್ನಿಸುತ್ತೆ. ಒನ್ ಆಫ್ ಆದ್ಮೇಲೆ ಯಾವಾಗ್ಲೂ ಬಹುವಚನ, ಎಸ್ ಇದ್ಯಾ ನೋಡು. ತದ್ವಿರುದ್ಧವಾಗಿ ಫರ್ನಿಚರ್, ಇನ್‌ಫರ್ಮೇಶನ್, ಲಗೇಜ್, ಸೀನರಿ ಇವಕ್ಕೆ ಎಸ್ ಬಂದ್ರೆ ತಪ್ಪು ಅಲ್ಲೇ ಇದೆ.

ಕನ್ನಡ ಎಲ್ಲಾ ಕಡೆ ಅಡ್ಡ ಬರುತ್ತೆ ಅಂತ ಮಾತ್ರ ತಿಳ್ಕೋಬೇಡ, ಕೆಲವು ಕಡೆ ಅದೇ ದಾರಿ ತೋರಿಸುತ್ತೆ. "ಮಳೆ ಬಂದ್ರೂ ಆಟ ನಿಲ್ಲಲಿಲ್ಲ" ಅಂತೀವಿ, "ಮಳೆ ಬಂದ್ರೂ ಆದರೆ ಆಟ ನಿಲ್ಲಲಿಲ್ಲ" ಅಂತ ಯಾರೂ ಅನ್ನಲ್ಲ. ಹಂಗೇ ಇಂಗ್ಲಿಷಲ್ಲೂ ಆಲ್ದೋ ಬಂದ್ರೆ ಬಟ್ ಬರಲ್ಲ. "ನೀನು ಬರದಿದ್ರೆ" ಅನ್ನೋದ್ರಲ್ಲಿ ಇಲ್ಲ ಅನ್ನೋದು ಒಳಗೇ ಸೇರಿದೆ, ಅನ್‌ಲೆಸ್ ಕೂಡ ಹಂಗೇ, ಅದ್ರ ಜೊತೆ ಇನ್ನೊಂದು ನಾಟ್ ಕಂಡ್ರೆ ಅನುಮಾನ ಪಡು. "ಅನ್‌ಲೆಸ್ ಯು ಡು ನಾಟ್ ವರ್ಕ್ ಹಾರ್ಡ್, ಯು ವಿಲ್ ಫೇಲ್" ಅಂತ ಕೊಟ್ಟಿರ್ತಾರೆ, ಕನ್ನಡದಲ್ಲಿ ಹೇಳಿ ನೋಡಿದ್ರೆ ತಕ್ಷಣ ಸಿಕ್ಕಿಬೀಳುತ್ತೆ.

ಮಲೆನಾಡು ಮಳೆ:

ಇಬ್ಬರೂ ಹೇಳಿದ್ದು ಸರಿ ಇದೆ, ಆದರೂ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಇಷ್ಟೊಂದು ಪಟ್ಟಿ ತಲೇಲಿ ಇಟ್ಕೊಂಡು ಹೋದ್ರೆ ಟೈರ್ 1ರಲ್ಲಿ 100 ಪ್ರಶ್ನೆಗೆ ಇರೋದು 60 ನಿಮಿಷ, ಒಂದು ಪ್ರಶ್ನೆಗೆ ಒಂದು ನಿಮಿಷನೂ ಇಲ್ಲ, ಅಷ್ಟರಲ್ಲಿ ಕರ್ತೃ ಹುಡುಕಿ ಕಂಸ ಹಾಕಿ ಪಟ್ಟಿ ನೆನಪು ಮಾಡ್ಕೊಳ್ಳೋಕೆ ಆಗಲ್ಲ. ನಾನು ದಿನಾ ಇಂಗ್ಲಿಷ್ ಪೇಪರ್ ಸಂಪಾದಕೀಯ ಜೋರಾಗಿ ಓದ್ತಿದ್ದೆ, ಅರ್ಥ ಆಗ್ದಿದ್ರೂ ಓದ್ತಿದ್ದೆ, ನಿಧಾನಕ್ಕೆ ತಪ್ಪಿದ್ದಲ್ಲಿ ನಾಲಿಗೆನೇ ತಡೆಯೋಕೆ ಶುರು ಮಾಡ್ತು. ರೂಲ್ ಯಾವುದು ಅಂತ ಕೇಳಿದ್ರೆ ಈಗ್ಲೂ ಹೇಳೋಕೆ ಬರಲ್ಲ ಆದ್ರೆ ಉತ್ತರ ಬರುತ್ತೆ. ತಂಗೀಗೂ ಓದೋ ಅಭ್ಯಾಸನೇ ಗಟ್ಟಿ ಅಡಿಪಾಯ ಅಂತ ನನ್ನ ನಂಬಿಕೆ.

ಧಾರವಾಡ ಮಾಸ್ತರ:

ಮಲೆನಾಡಿನವರ, ಓದೂದು ಬ್ಯಾಡ ಅಂತ ನಾ ಎಂದೂ ಹೇಳೂದಿಲ್ರಿ, ವರ್ಷಗಟ್ಟಲೆ ಟೈಮ್ ಇದ್ದವರಿಗೆ ಅದಕ್ಕಿಂತ ಛಲೋದು ಬ್ಯಾರೆ ಇಲ್ಲ. ಆದ್ರ ಒಂದು ಮಾತು. ಕಿವಿಗೆ ಬೀಳೂದು ಸಂಪಾದಕೀಯ ಒಂದ ಅಲ್ಲ. ನಮ್ಮ ಸುತ್ತ ಆಫೀಸಿನ್ಯಾಗ, ಕಾಲೇಜಿನ್ಯಾಗ, ಟಿವಿಯೊಳಗ ಕೇಳೂದೆಲ್ಲಾ "ರಿವರ್ಟ್ ಬ್ಯಾಕ್", "ಕೋಪ್ ಅಪ್ ವಿತ್", "ಟುಡೇ ಮಾರ್ನಿಂಗ್", "ಡಿಸ್ಕಸ್ ಅಬೌಟ್". ದಿನಾ ಕೇಳಿ ಕೇಳಿ ಕಿವಿಗೆ ಅದ ಸರಿ ಅನಸ್ತೈತಿ, ಪರೀಕ್ಷೆಯವರು ತಪ್ಪು ಅನ್ನೂದು ಅದನ್ನ. ಅಂದ್ರ ಕಿವಿ ನಂಬಿದವರನ್ನ ಕೆಡವಾಕನ ಕೆಲವು ಪ್ರಶ್ನೆ ಇರ್ತಾವ. ಕ್ಲರ್ಕ್ ವಾಕ್ಯಾನ ತಗೋರಿ, ಇಂಗ್ಲಿಷ್ ಮನಿಮಾತಾಗಿ ಇದ್ದವರ ಪೈಕೀನೂ ಭಾಳ ಮಂದಿ ಅಲ್ಲೆ "ಹ್ಯಾಸ್" ಅಂತಾರ, ಕಿವಿ ಅವರಿಗೂ ಅಲ್ಲಿ ಸಹಾಯಕ್ಕ ಬರೂದಿಲ್ಲ. ಟೈಮಿನ ಮಾತಿಗೆ ಬಂದ್ರ, ಮೊದಮೊದಲು ಒಂದು ವಾಕ್ಯಕ್ಕ ಎರಡು ಮೂರು ನಿಮಿಷ ಹಿಡೀತೈತಿ, ಹಿಡೀಲಿ. ಅದ ಕೆಲಸ ಮತ್ತ ಮತ್ತ ಮಾಡಿದ್ರ ಕಣ್ಣು ತಾನ ಕ್ರಿಯಾಪದದ ಮ್ಯಾಲೆ ಹೋಗಿ ಕೂಡ್ತೈತಿ.

ಸಿಯಾಟಲ್ ಕನ್ನಡಿಗ:

ಇಲ್ಲಿ ಒಂದು ವಿಷಯ ಸೇರಿಸ್ತೀನಿ. ನಾನು ಎಂಬಿಎಗೆ ಬರೋಕೆ ಮುಂಚೆ ಜಿಮ್ಯಾಟ್ ಅನ್ನೋ ಪ್ರವೇಶ ಪರೀಕ್ಷೆಗೆ ಓದಿದ್ದು, ಆಗ ಅದ್ರಲ್ಲಿ ಸೆಂಟೆನ್ಸ್ ಕರೆಕ್ಷನ್ ಅಂತ ದೊಡ್ಡ ಭಾಗ ಇತ್ತು, ಗೆರೆ ಎಳೆದ ಭಾಗಕ್ಕೆ ಐದು ಆಯ್ಕೆ, ಮೊದಲನೇ ಆಯ್ಕೆ ಯಾವಾಗ್ಲೂ ಮೂಲ ವಾಕ್ಯನೇ. 2023ರ ನವೆಂಬರಲ್ಲಿ ಬಂದ ಫೋಕಸ್ ಎಡಿಷನ್‌ನಿಂದ ಆ ಭಾಗನೇ ತೆಗೆದು ಹಾಕಿದ್ರು. ಹಂಗಾಗಿ ಹಳೇ ಜಿಮ್ಯಾಟ್ ಪುಸ್ತಕಗಳು ಸೆಕೆಂಡ್ ಹ್ಯಾಂಡ್ ಅಂಗಡೀಲಿ ಅಗ್ಗಕ್ಕೆ ಸಿಕ್ಕಿದ್ರೆ, ನೀವು ಎಸ್‌ಎಸ್‌ಸಿಗೆ ಓದೋರು ಅದನ್ನ ಪೂರ್ತಿ ನೆಚ್ಕೋಬೇಡಿ, ಅಲ್ಲಿನ ವಾಕ್ಯಗಳು ಉದ್ದ ಜಾಸ್ತಿ, ಪರೀಕ್ಷೆ ಮಾಡೋದು ಅರ್ಥ ಮತ್ತೆ ವಾಕ್ಯದ ಕಟ್ಟಡನ, ಪ್ರಿಪೊಸಿಷನ್ ಜೋಡಿಗಳು ಅಷ್ಟಾಗಿ ಬರಲ್ಲ. ಆದ್ರೆ ಅಲ್ಲಿಂದ ಎರಡು ಅಭ್ಯಾಸ ನಿಮ್ಮ ಸೆಂಟೆನ್ಸ್ ಇಂಪ್ರೂವ್‌ಮೆಂಟ್‌ಗೆ ಚೆನ್ನಾಗಿ ಆಗುತ್ತೆ.

ಒಂದು, ಆಯ್ಕೆಗಳನ್ನ ಮೇಲಿಂದ ಕೆಳಗೆ ಪೂರ್ತಿ ಓದಬೇಡಿ, ಅವು ಒಂದಕ್ಕೊಂದು ಎಲ್ಲಿ ಬೇರೆ ಆಗ್ತವೆ ಅಂತ ಮಾತ್ರ ನೋಡಿ. ಎರಡರಲ್ಲಿ ಹ್ಯಾಸ್ ಎರಡರಲ್ಲಿ ಹ್ಯಾವ್ ಇದ್ರೆ ಪ್ರಶ್ನೆ ಕೇಳ್ತಿರೋದೇ ಕರ್ತೃ ಏಕವಚನವಾ ಬಹುವಚನವಾ ಅಂತ, ಅದನ್ನ ತೀರ್ಮಾನ ಮಾಡಿದ್ರೆ ಎರಡು ಆಯ್ಕೆ ಹೋಯ್ತು. ಉಳಿದ ಎರಡರಲ್ಲಿ ಇನ್ನೇನು ಬೇರೆ ಇದೆ ನೋಡಿ. ಯಾವ ರೂಲ್ ಹಾಕಬೇಕು ಅಂತ ಹೊಳೆಯಲ್ಲ ಅಂದ್ರಲ್ಲ, ಆಯ್ಕೆಗಳೇ ಹೇಳ್ತವೆ.

ಎರಡನೇದು, ಇಂಗ್‌ನಲ್ಲಿ ಮುಗಿಯೋ ಪದದಿಂದ ವಾಕ್ಯ ಶುರು ಆದ್ರೆ ಅಲ್ಪವಿರಾಮದ ಪಕ್ಕದಲ್ಲಿ ಯಾರಿದ್ದಾರೆ ಅಂತ ನೋಡಿ. "ವಾಕಿಂಗ್ ಟು ದಿ ಬಸ್ ಸ್ಟ್ಯಾಂಡ್, ದಿ ರೇನ್ ಡ್ರೆಂಚ್ಡ್ ಹರ್" ಅಂದ್ರೆ ನಡೆದು ಹೋಗ್ತಿದ್ದಿದ್ದು ಮಳೆ ಅಂತ ಆಗುತ್ತೆ. ಇದಕ್ಕೂ ಕನ್ನಡ ಸಾಕು, "ಬಸ್ ಸ್ಟ್ಯಾಂಡಿಗೆ ನಡೆದು ಹೋಗುತ್ತಾ ಮಳೆ ಅವಳನ್ನು ತೋಯಿಸಿತು" ಅಂತ ಬರೆದು ನೋಡಿ, ನಮಗೂ ಸರಿ ಹೋಗಲ್ಲ, ನಡೆದವರೂ ತೋಯಿಸಿದವರೂ ಒಬ್ಬರೇ ಆಗಬೇಕು. ಬೇರೆ ಬೇರೆ ಆದ್ರೆ ನಾವು "ಅವಳು ನಡೆದು ಹೋಗುತ್ತಿದ್ದಾಗ" ಅಂತ ಮಾಡ್ತೀವಿ, ಇಂಗ್ಲಿಷಲ್ಲೂ ಅದೇ ಪರಿಹಾರ, "ಆ್ಯಸ್ ಶಿ ವಾಸ್ ವಾಕಿಂಗ್ ಟು ದಿ ಬಸ್ ಸ್ಟ್ಯಾಂಡ್, ದಿ ರೇನ್ ಡ್ರೆಂಚ್ಡ್ ಹರ್".

ದುರ್ಗದ ಹುಡುಗಿ:

ಅಬ್ಬಾ ಎಷ್ಟೊಂದು ಬರೆದಿದೀರ ಎಲ್ರೂ, ತುಂಬಾ ತುಂಬಾ ಥ್ಯಾಂಕ್ಸ್. ಸರ್, ನೀವು ಹೇಳಿದಂಗೆ ಕ್ರಿಯಾಪದದಿಂದ ಶುರು ಮಾಡಿ ನೋಟ್‌ಬುಕ್ಕಲ್ಲಿರೋ ಹಳೇ ವಾಕ್ಯ ಎಲ್ಲಾ ಮತ್ತೆ ತೆಗೆದು ನೋಡ್ತಾ ಇದೀನಿ, ಲಿಸ್ಟ್ ಜಾತಿದು ಸುಮಾರು ಬೇಗ ಸಿಗ್ತಿವೆ. ಅಕ್ಕ, ಇಂದ ಮತ್ತೆ ಗಿಂತ ವಿಷಯ ಇಷ್ಟು ದಿನ ಯಾರೂ ನನಗೆ ಹಿಂಗೆ ಹೇಳಿರ್ಲಿಲ್ಲ, ಕ್ಲಾಸಲ್ಲಿ ಸಿನ್ಸ್ ಆದ್ರೆ ಪಾಯಿಂಟ್ ಆಫ್ ಟೈಮ್ ಅಂತ ಬರೆಸ್ತಾರೆ ಅಷ್ಟೇ, ನಾವ್ಯಾಕೆ ಅಲ್ಲಿ ಎಡವ್ತೀವಿ ಅಂತ ಹೇಳಲ್ಲ.

ಇನ್ನೊಂದು ಕೇಳ್ಬೇಕು. ನೋ ಎರರ್ ಅಥವಾ ನೋ ಇಂಪ್ರೂವ್‌ಮೆಂಟ್ ಅನ್ನೋ ಆಯ್ಕೆ ಇದ್ಯಲ್ಲ, ಅದನ್ನ ಹಾಕೋಕೆ ಧೈರ್ಯ ಬರಲ್ಲ, ಏನೋ ಬಿಟ್ಟಿದೀನಿ ಅನ್ಸುತ್ತೆ. ಎರಡರ ಮಧ್ಯೆ ಸಿಕ್ಕಾಕ್ಕೊಂಡಾಗ ಬಿಡ್ಬೇಕಾ ಹಾಕ್ಬೇಕಾ? ಮತ್ತೆ ಈ ಎರಡು ವಾಕ್ಯ ನೋಡಿ ಸರ್, "ನೈದರ್ ದಿ ಮಿನಿಸ್ಟರ್ ನಾರ್ ದಿ ಆಫೀಸರ್ಸ್ ವಾಸ್ ಅವೇರ್ ಆಫ್ ದಿ ಆರ್ಡರ್", ಇದ್ರಲ್ಲಿ ಕರ್ತೃ ಇಬ್ರು, ಯಾರನ್ನ ನೋಡೋದು? ಇನ್ನೊಂದು "ಇಟ್ ಈಸ್ ಹೈ ಟೈಮ್ ದಿ ಗವರ್ನ್‌ಮೆಂಟ್ ಟೇಕ್ಸ್ ಆ್ಯಕ್ಷನ್", ಗವರ್ನ್‌ಮೆಂಟ್ ಏಕವಚನ, ಟೇಕ್ಸ್ ಏಕವಚನ, ನಿಮ್ ಲೆಕ್ಕದಲ್ಲಿ ಸರಿ ಇರ್ಬೇಕು, ಆದ್ರೆ ಉತ್ತರದಲ್ಲಿ ಆ ಭಾಗನೇ ತಪ್ಪು ಅಂತಿದೆ.

ಬ್ಯಾಂಕ್ ಕೌಂಟರ್ ನಂ 3:

ಬಿಡೋದಾ ಹಾಕೋದಾ ಅನ್ನೋದು ಲೆಕ್ಕ ಮಾಡಿ ನೋಡಮ್ಮ, ಹೆದರಿಕೆ ಹೋಗುತ್ತೆ. ಟೈರ್ 1ರಲ್ಲಿ ಸರಿ ಆದ್ರೆ 2, ತಪ್ಪಾದ್ರೆ 0.5 ಹೋಗುತ್ತೆ. ನಾಲ್ಕರಲ್ಲಿ ಎರಡನ್ನ ಗ್ಯಾರಂಟಿ ತೆಗೆದು ಹಾಕಿದ್ರೆ ಉಳಿದ ಎರಡರಲ್ಲಿ ಒಂದು ಹಾಕಿದಾಗ ಸರಾಸರಿ 0.75 ಲಾಭನೇ ಬರುತ್ತೆ, ಬಿಟ್ರೆ ಸೊನ್ನೆ. ಟೈರ್ 2ರಲ್ಲಿ ಇಂಗ್ಲಿಷ್ 45 ಪ್ರಶ್ನೆ 135 ಮಾರ್ಕ್ಸ್, ಸರಿ ಆದ್ರೆ 3, ತಪ್ಪಾದ್ರೆ 1 ಕಟ್, ಅಲ್ಲೂ ಎರಡಕ್ಕೆ ಇಳಿಸಿದ್ರೆ ಸರಾಸರಿ 1 ಲಾಭ, ಆದ್ರೆ ಏನೂ ಗೊತ್ತಿಲ್ದೆ ನಾಲ್ಕರಲ್ಲಿ ಒಂದು ಕಣ್ಮುಚ್ಚಿ ಹಾಕಿದ್ರೆ ಸರಾಸರಿ ಸೊನ್ನೆ, ಸುಮ್ನೆ ಟೈಮ್ ವೇಸ್ಟ್. ಅಂದ್ರೆ ಎರಡಕ್ಕೆ ಇಳಿಸಿದ ಮೇಲೆ ಬಿಡಬೇಡ, ಒಂದನ್ನೂ ತೆಗೆಯೋಕೆ ಆಗದಿದ್ರೆ ಮುಂದಕ್ಕೆ ಹೋಗು.

ನೋ ಎರರ್ ಬಗ್ಗೆ ನನ್ನ ಪದ್ಧತಿ ಏನಂದ್ರೆ ತಪ್ಪು ಯಾವುದು ಅಂತ ಬೆರಳಿಟ್ಟು ತೋರಿಸಿ ಅದರ ಜಾಗದಲ್ಲಿ ಏನು ಬರಬೇಕು ಅಂತ ಹೇಳೋಕೆ ಬರಬೇಕು. "ಇಲ್ಲೇನೋ ಸರಿ ಇಲ್ಲ" ಅನ್ನೋದು ಸಾಕಾಗಲ್ಲ. ಏನು ಬರಬೇಕು ಅಂತ ಹೇಳೋಕೆ ಆಗಲಿಲ್ಲ, ಕ್ರಿಯಾಪದ, ಪ್ರಿಪೊಸಿಷನ್, ಜೋಡಿಪದ, ಎಸ್ ಎಲ್ಲಾ ನೋಡಾಯ್ತು ಅಂದ್ರೆ ಧೈರ್ಯವಾಗಿ ನೋ ಎರರ್ ಹಾಕು. ಅದೂ ಒಂದು ಉತ್ತರನೇ, ಬೇರೆ ದಾರಿ ಇಲ್ದೆ ಹಾಕೋದಲ್ಲ. ಪರೀಕ್ಷೆ ಆದ್ಮೇಲೆ ಎಸ್‌ಎಸ್‌ಸಿ ತಾತ್ಕಾಲಿಕ ಕೀ ಉತ್ತರ ಬಿಡುತ್ತೆ, ನಿನ್ನ ಉತ್ತರನೂ ಅದ್ರಲ್ಲಿ ಕಾಣುತ್ತೆ, ಅದನ್ನ ಡೌನ್‌ಲೋಡ್ ಮಾಡ್ಕೊಂಡು ಇಂಗ್ಲಿಷ್ ಭಾಗ ಒಂದೊಂದೇ ಕೂತು ನೋಡು. ಕೀನೇ ತಪ್ಪು ಅನ್ಸಿದ್ರೆ ಪ್ರಶ್ನೆಗೆ ಇಷ್ಟು ಅಂತ ಫೀ ಕಟ್ಟಿ ಆಕ್ಷೇಪಣೆ ಹಾಕೋಕೂ ಅವಕಾಶ ಇದೆ, ಕೊನೇ ದಿನಾಂಕ ಮಾತ್ರ ಬೇಗ ಮುಗಿಯುತ್ತೆ.

ಧಾರವಾಡ ಮಾಸ್ತರ:

ನೈದರ್ ನಾರ್, ಐದರ್ ಆರ್ ಬಂದ್ರ ಕ್ರಿಯಾಪದಕ್ಕ ಹತ್ತರ ಇದ್ದವರನ್ನ ನೋಡಬೇಕು. ಇಲ್ಲೆ ಹತ್ತರ ಇದ್ದವರು ಆಫೀಸರ್ಸ್, ಹಂಗಾಗಿ "ವರ್ ಅವೇರ್". ಅದನ್ನ ಉಲ್ಟಾ ಮಾಡಿ "ನೈದರ್ ದಿ ಆಫೀಸರ್ಸ್ ನಾರ್ ದಿ ಮಿನಿಸ್ಟರ್" ಅಂದ್ರ "ವಾಸ್". ದೂರ ಇದ್ದವರನ್ನ ನೋಡು ಅಂತ ಲಿಸ್ಟ್ ವಾಕ್ಯಕ್ಕ ಹೇಳಿದ್ದೆ, ಹತ್ತರ ಇದ್ದವರನ್ನ ನೋಡು ಅಂತ ಇದಕ್ಕ ಹೇಳಾಕತ್ತೀನಿ, ಎರಡೂ ಕೂಡಿ ಗೊಂದಲ ಆಗಬಾರದು, ಅದಕ್ಕ ನೈದರ್, ಐದರ್ ಕಂಡ್ರ ಮೊದಲ ಅದನ್ನ ಬ್ಯಾರೆ ಗಂಟಿನ್ಯಾಗ ಕಟ್ಟು.

ಹೈ ಟೈಮ್ ವಾಕ್ಯದಾಗ ಕರ್ತೃ ಕ್ರಿಯಾಪದ ಹೊಂದ್ಯಾವ, ನೀ ನೋಡಿದ್ದು ಸರಿ ಐತಿ. ತಪ್ಪು ಕಾಲದ್ದು. "ಇಟ್ ಈಸ್ ಹೈ ಟೈಮ್" ಆದ ಮ್ಯಾಲೆ ಯಾರು ಮಾಡಬೇಕು ಅಂತ ಹೆಸರು ಬಂದ್ರ ಕ್ರಿಯಾಪದ ಭೂತಕಾಲದ ರೂಪದಾಗ ಬರ್ತೈತಿ, "ದಿ ಗವರ್ನ್‌ಮೆಂಟ್ ಟುಕ್ ಆ್ಯಕ್ಷನ್". ಇನ್ನೂ ಆಗಿಲ್ಲ, ಯಾವಾಗೋ ಆಗಬೇಕಾಗಿತ್ತು ಅನ್ನೂ ಭಾವಕ್ಕ ಇಂಗ್ಲಿಷಿನವರು ಹಳೇ ಕಾಲದ ರೂಪ ಹಾಕ್ತಾರ. "ಐ ವಿಶ್ ಐ ವರ್", "ಇಫ್ ಐ ವರ್ ಯು" ಇವೂ ಅದ ಮನಿಯವು. ಯಾರೂ ಹೆಸರು ಬರದ "ಇಟ್ ಈಸ್ ಹೈ ಟೈಮ್ ಟು ಟೇಕ್ ಆ್ಯಕ್ಷನ್" ಅಂದ್ರ ಅದೂ ಸರಿ.

ಅಂದ್ರ ಕ್ರಿಯಾಪದಕ್ಕ ಎರಡು ಪ್ರಶ್ನೆ ಕೇಳಬೇಕು, ಯಾರು ಅಂತ ಒಂದು, ಯಾವಾಗ ಅಂತ ಇನ್ನೊಂದು. ಎರಡನೇದನ್ನ ನಾ ಮೊದಲ ಹೇಳಬೇಕಾಗಿತ್ತು. ನಿನ್ನ ನೋಟ್‌ಬುಕ್ಕಿನ್ಯಾಗ ಕಾಲಕ್ಕ ಸಂಬಂಧಪಟ್ಟ ವಾಕ್ಯ ಇನ್ನೂ ಇದ್ರ ಇಲ್ಲೇ ಹಾಕು ತಂಗಿ, ಸಂಜಿಕ ಕ್ಲಾಸ್ ಮುಗದ ಮ್ಯಾಲೆ ನೋಡ್ತೀನಿ.